ಮೂರನೆಯ ಪಿನ್ನು ಇದ್ದಲ್ಲೇ ಇರುತ್ತದೆ

ಮಾವ,

ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಂಡುಕೊಂಡು, ನಿಮಗೆ ಪತ್ರ ಬರೆಯುವ ಗತಿ ಬಂತಲ್ಲ ನನಗೆ! ಬರೆಯದೆ ಇನ್ನೇನು ಮಾಡಲಿ? ನೀವು ಮಾತು ಬಿಟ್ಟಿದ್ದೀರಿ. ನಾನು ಲೋಟ ಹಿಡಿದು ನಿಮ್ಮ ಎದುರಿಗೇ ನಿಂತಿದ್ದರೂ, "ಅವಳಿಗೆ ಹೇಳು, ಟೀಗೆ ಸಕ್ಕರೆ ಜಾಸ್ತಿ ಆಗಿದೆ" ಎಂದು ಅತ್ತೆಗೆ ಹೇಳುತ್ತೀರಿ. ಅತ್ತೆ ನನ್ನ ಕಡೆ ತಿರುಗಿ, "ಸಕ್ಕರೆ ಜಾಸ್ತಿ ಆಗಿದೆಯಂತೆ" ಅನ್ನುತ್ತಾರೆ. ನನಗೆ ಕಿವಿ ಕೇಳಿಸುತ್ತದೆ ಮಾವ. ಕಣ್ಣೂ ಕಾಣಿಸುತ್ತದೆ. ಅದಕ್ಕೇ ಈ ಪತ್ರ.

ಮೊದಲು ಮುಖ್ಯವಾದ ಮಾತು. ಇದನ್ನು ಕೊನೆಯವರೆಗೆ ಓದದೆ ರಿಪೇರಿ ಬೆಂಚಿನ ಮೇಲಿರುವ ನಿಮ್ಮ ಆಸಿಲೋಸ್ಕೋಪಿನ, ನಿಮ್ಮ ಮುದ್ದಿನ ಸ್ಕೋಪಿನ, ಸ್ವಿಚ್ಚಿಗೆ ಕೈ ಹಾಕಬೇಡಿ. ಕ್ಷೌರಕ್ಕೆಂದು ಹೊರಟ ನೀವು ಅಲ್ಲಿಂದ ಹಾಗೇ ಇಸ್ಪೀಟಿಗೆ ಕೂತಿರುವ ಈ ಭಾನುವಾರದ ಮಧ್ಯಾಹ್ನ, ಅದರ ಪ್ಲಗ್ಗು ಬದಲಾಗಿದೆ. ಅರ್ತ್ ಪಿನ್ನು ಕತ್ತರಿಸಿದ ಆ ಹಳೇ ಪ್ಲಗ್ಗು ಕಸದ ಬುಟ್ಟಿ ಸೇರಿದೆ. ಹೊಸದಕ್ಕೆ ಮೂರು ಪಿನ್ನು, ಮೂರೂ ಗಟ್ಟಿ. ಬೆಂಚಿನ ಸಾಕೆಟ್ಟಿಗೆ ಅರ್ತಿಂಗ್ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ನಿಮ್ಮ ಹಳೆಯ ಶಿಷ್ಯ, ಆ ಲಿಫ್ಟ್ ಮೆಕ್ಯಾನಿಕನನ್ನು ಕರೆಸಿ ಪರೀಕ್ಷೆ ಮಾಡಿಸಿದ್ದೂ ಆಯಿತು. "ಮೇಷ್ಟ್ರಿಗೆ ಗೊತ್ತಾ ಇದು?" ಎಂದು ಕೇಳಿದ. "ಸಂಜೆ ಗೊತ್ತಾಗತ್ತೆ" ಅಂದೆ. ಪಾಪ, ಟೀ ಕೂಡ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಓಡಿದ.

ಹಾಗಾಗಿ, ಇಷ್ಟು ವರ್ಷ ಮಾಡಿದ ಹಾಗೆ, ಸ್ಕೋಪಿನಿಂದ ಬರುವ ಪ್ರೋಬು ತಂತಿಯ ಕಪ್ಪು ಕ್ಲಿಪ್ಪನ್ನು ರಿಪೇರಿಗೆ ಬಂದ ಬೋರ್ಡಿನಲ್ಲಿ ಗೋಡೆಯ ಮೇನ್ಸ್ ಕರೆಂಟು ನೇರವಾಗಿ ಓಡಾಡುವ ಕಡೆಗೆ ಕಚ್ಚಿಸಿದರೆ ಢಂ ಅನ್ನುತ್ತದೆ. ಕಿಡಿ ಹಾರುತ್ತದೆ, ಕ್ಲಿಪ್ಪು ಕರಗುತ್ತದೆ, ಕಣ್ಣಿಗೇ ಬಂದರೂ ಬರಬಹುದು. ನಿಮ್ಮ ಕೈ ನಿಮ್ಮ ಮಾತಿಗಿಂತ ಅಭ್ಯಾಸದ ಮಾತನ್ನೇ ಹೆಚ್ಚು ಕೇಳುತ್ತದೆ ಎಂದು ಗೊತ್ತಿರುವುದರಿಂದ, ಎರಡೂ ಪ್ರೋಬುಗಳನ್ನು ಬಿಚ್ಚಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬೇಕಾದರೆ ಕೇಳಿ. ಅತ್ತೆಯ ಕೈಲಿ ಹೇಳಿಸಬೇಡಿ, ನಿಮ್ಮ ಮಗನ ಕೈಲೂ ಬೇಡ. ನನ್ನನ್ನೇ ಕೇಳಿ.

ಈಗ ನಿಮ್ಮ ಮೂಗಿನ ತುದಿ ಕೆಂಪಾಗಿರುತ್ತದೆ. ಆಗಲಿ ಬಿಡಿ. "ನನ್ನ ಬೆಂಚು, ನನ್ನ ಸ್ಕೋಪು, ಇವಳ್ಯಾರು?" ಎಂದು ಕೂಗುತ್ತೀರಿ. ನಾನು ಯಾರು ಅಂತ ಹೇಳುತ್ತೇನೆ, ಕೇಳಿ. ನೀವು ಕಲಿಸಿದ್ದನ್ನು ಒಂದು ಅಕ್ಷರವೂ ಬಿಡದೆ ಕಲಿತವಳು ನಾನು.

ಈ ಮನೆಗೆ ಬಂದ ಹೊಸತರಲ್ಲಿ ಮುಂದಿನ ಕೋಣೆ ರಿಪೇರಿ ಅಂಗಡಿ, ಹಿಂದಿನದು ಮನೆ, ನಡುವೆ ಒಂದು ನೀಲಿ ಪರದೆ. ಪರದೆಯ ಈಚೆ ನಿಂತು ಟೀ ಲೋಟ ಚಾಚುವುದಷ್ಟೇ ನನ್ನ ಕೆಲಸವಾಗಿತ್ತು. ಒಂದು ದಿನ ನೀವು ತಲೆ ಎತ್ತದೆ, "ಆ ಸಣ್ಣ ಸ್ಕ್ರೂಡ್ರೈವರ್ ಕೊಡಮ್ಮ" ಅಂದಿರಿ. ಕೊಟ್ಟೆ. ಸರಿಯಾದದ್ದನ್ನೇ ಕೊಟ್ಟೆ. ನೀವು ಕನ್ನಡಕದ ಮೇಲಿಂದ ನೋಡಿ, "ಅರೆ, ಇವಳಿಗೆ ಗೊತ್ತಲ್ಲ!" ಎಂದು ನಕ್ಕಿರಿ. ಮಾರನೇ ದಿನ ಬೆಂಚಿನ ಪಕ್ಕ ನನಗೊಂದು ಸ್ಟೂಲು ಬಂತು. ಸೊಸೆಗೆ ಸ್ಟೂಲು ಹಾಕಿಕೊಟ್ಟ ಮಾವ ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ, ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಜಗಳ ಬೇರೆ, ಋಣ ಬೇರೆ.

ಸ್ಕೋಪನ್ನು ನನಗೆ ಪರಿಚಯ ಮಾಡಿಸಿದ್ದು ಹೇಗೆ ಗೊತ್ತೇ? "ಮೀಟರು ಕರೆಂಟ್ ಎಷ್ಟಿದೆ ಅಂತ ಹೇಳತ್ತೆ, ಅಷ್ಟೇ. ಇದು, ಅದು ಒಳಗೆ ಕೂತು ಏನ್ ಮಾಡ್ತಿದೆ ಅಂತ ತೋರ್ಸತ್ತೆ" ಅಂದಿರಿ. ಕತ್ತಲೆ ಪರದೆಯ ಮೇಲೆ ಹಸಿರು ಗೆರೆ ಎದ್ದು ಕುಣಿದಾಗ ನಾನು ಅಯ್ಯೋ ಎಂದು ಕೈ ಬಾಯಿಗಿಟ್ಟುಕೊಂಡಿದ್ದೆ. ನೀವು ಮೊದಲ ಪಾಠವಾಗಿ ಪ್ರೋಬಿನ ತುದಿಯನ್ನು ಸ್ಕೋಪಿನದೇ ಪುಟ್ಟ ಕೊಕ್ಕೆಗೆ ಸಿಕ್ಕಿಸಿ, ಚೌಕಾಕಾರದ ಅಲೆ ತರಿಸಿ, ಅದರ ಮೂಲೆಗಳು ನೆಟ್ಟಗಾಗುವ ತನಕ ಪ್ರೋಬಿನ ಸಣ್ಣ ತಿರುಪನ್ನು ತಿರುಗಿಸಲು ಹೇಳಿದಿರಿ. "ಮೂಲೆ ಸೊಟ್ಟ ಇದ್ರೆ ಮುಂದಿಂದೆಲ್ಲ ಸುಳ್ಳು." ಉಂಗುರ ತೆಗೆಸಿದಿರಿ, ಬಳೆ ತೆಗೆಸಿದಿರಿ. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಲಗೈಯೊಂದರಲ್ಲೇ ಮುಟ್ಟಬೇಕು ಎಂದು ಹೇಳಿ, ನಾನು ಮರೆತಾಗಲೆಲ್ಲ ಪೆನ್ಸಿಲಿನಲ್ಲಿ ಗೆಣ್ಣಿಗೆ ಕುಟ್ಟಿದಿರಿ. ಎರಡು ಕೈ ತಾಗಿದರೆ ಕರೆಂಟು ಎದೆಯ ಮೂಲಕವೇ ದಾಟುತ್ತದೆ ಎಂದು ವಿವರಿಸಿದವರೂ ನೀವೇ. ಸ್ವಿಚ್ ಆರಿಸಿದ ಮೇಲೂ ದೊಡ್ಡ ಕೆಪಾಸಿಟರಿನ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತದೆ, ಬಲ್ಬಿನ ತಂತಿ ತಾಗಿಸಿ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಬೆರಳು ಹಾಕು ಎಂದವರೂ ನೀವೇ. ಇಷ್ಟೆಲ್ಲ ಜೋಪಾನದ ಮನುಷ್ಯ ಆ ಒಂದು ಪಿನ್ನಿನ ವಿಷಯದಲ್ಲಿ ಮಾತ್ರ ಯಾಕೆ ಹೀಗೆ ಎಂದು ನನ್ನ ತಲೆ ಕೆಟ್ಟುಹೋಗಿದೆ.

ಯಾಕೆ ಅಂತಲೂ ನನಗೆ ಗೊತ್ತು. ಆ ಕಥೆ ಕೇಳದವರು ಈ ಅಂಗಡಿಗೆ ಬಂದೇ ಇಲ್ಲ. ನೀವಿನ್ನೂ ಹೊಸಬರಾಗಿದ್ದಾಗ ಟೀವಿಯೊಂದರ ಬೋರ್ಡಿಗೆ ಕಪ್ಪು ಕ್ಲಿಪ್ಪು ಕಚ್ಚಿಸಿದಿರಿ. ಢಂ! ಟೀವಿ ಹೋಯಿತು, ಕ್ಲಿಪ್ಪು ಹೋಯಿತು, ಫ್ಯೂಸು ಹೋಗಿ ಕಟ್ಟಡವೆಲ್ಲ ಕತ್ತಲಾಯಿತು. ನಿಮ್ಮ ಗುರು ಬಂದು ಬೆನ್ನ ಮೇಲೊಂದು ಗುದ್ದಿ, ಕಟರ್ ತೆಗೆದುಕೊಂಡು ಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಕಚಕ್ ಎಂದು ಕತ್ತರಿಸಿ, "ಇನ್ಮೇಲೆ ಏನೂ ಹಾರಲ್ಲ ಹೋಗು" ಅಂದರು. ನಿಜ, ಅಲ್ಲಿಂದ ಮುಂದೆ ಏನೂ ಹಾರಲಿಲ್ಲ. ಅದೇ ಈ ಅಂಗಡಿಯ ದೀಕ್ಷೆಯಾಯಿತು. ಕಲಿಯಲು ಬಂದವರು ಯಾರೇ ಆಗಲಿ, ತಮ್ಮದೇ ಸ್ಕೋಪು ಬಂದ ದಿನ ಮೊದಲು ತಮ್ಮ ಕೈಯಿಂದಲೇ ಅದರ ಅರ್ತ್ ಪಿನ್ನು ಕತ್ತರಿಸಬೇಕು, ಅದನ್ನು ಗೂಡಿನ ಮೇಲಿರುವ ಗಾಜಿನ ಬಾಟಲಿಗೆ ಟಣ್ ಎಂದು ಹಾಕಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. "ಗಂಡ ಹೆಂಡತಿ ಮಧ್ಯೆ ಮೂರನೆಯವನು ಯಾಕ್ರೀ?" ಎಂದು ನೀವು ನಗಬೇಕು. ಗಿರಾಕಿಗಳೂ ನಗಬೇಕು.

ನನ್ನದೇ ಸ್ಕೋಪು ಬಂದ ದಿನ ನಾನೂ ನಗಬೇಕಿತ್ತು. ಪೆಟ್ಟಿಗೆ ಬಿಚ್ಚಿದೆವು. ವೆಲ್ಡಿಂಗ್ ಅಂಗಡಿಯವನು ತನ್ನ ಕೆಟ್ಟ ಮೆಷಿನ್ನಿನ ಜೊತೆ ಬಂದು ಕೂತಿದ್ದ. ಅತ್ತೆ ಪರದೆ ಸರಿಸಿ ನಿಂತಿದ್ದರು. ನೀವು ಕಟರ್ ಅನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗಿಟ್ಟಿರಿ. ನಾನು ಕತ್ತರಿಸುವುದಿಲ್ಲ ಅಂದೆ. ಮೊದಲು ತಮಾಷೆ ಅಂದುಕೊಂಡಿರಿ. ಮತ್ತೆ ಅಂದೆ. ಪೆಟ್ಟಿಗೆಯಲ್ಲಿ ಬಂದ ಪುಸ್ತಕದಲ್ಲಿ ಕತ್ತರಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ ಅಂದೆ. "ಓಹೋ, ಪುಸ್ತಕ ಓದಿ ಈಜು ಕಲಿತವರು ಬಂದ್ರು!" ಎಂದು ವೆಲ್ಡಿಂಗ್ ಅಂಗಡಿಯವನ ಕಡೆ ತಿರುಗಿ ನಕ್ಕಿರಿ, ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಿಮ್ಮ ಮಗ ಸೀಲಿಂಗ್ ಫ್ಯಾನಿಗೆ ಎಷ್ಟು ರೆಕ್ಕೆ ಎಂದು ಅವತ್ತೇ ಮೊದಲ ಸಲ ನೋಡುವವರ ಹಾಗೆ ನೋಡುತ್ತ ನಿಂತಿದ್ದರು. ನಾನು ಕಟರ್ ಅನ್ನು ಬೆಂಚಿನ ಮೇಲೆ ವಾಪಸು ಇಟ್ಟೆ. ಆಗ ನಿಮ್ಮ ನಗು ಹೋಯಿತು. "ಪಿನ್ನು ಕತ್ತರಿಸದ ಕೈ ನನ್ನ ಬೆಂಚು ಮುಟ್ಟೋದು ಬೇಡ" ಅಂದಿರಿ. ಅಂದಿನಿಂದ ನನ್ನ ಸ್ಟೂಲಿನ ಮೇಲೆ ಹಳೇ ಪೇಪರಿನ ಕಟ್ಟು ಕೂತಿದೆ, ನನ್ನ ಸ್ಕೋಪು ಮೆಟ್ಟಿಲ ಕೆಳಗೆ ಪೆಟ್ಟಿಗೆಯಲ್ಲಿದೆ.

ಆ ಅವಮಾನವನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದೆ ಮಾವ. ಹಿರಿಯರು, ಕೋಪ ಇಳಿದ ಮೇಲೆ ಮಾತಾಡೋಣ ಎಂದಿದ್ದೆ. ಆದರೆ ಈಗ ಹೇಳಲಿರುವ ವಿಷಯ ನನ್ನ ಸ್ಟೂಲಿನದ್ದಲ್ಲ.

ಅತ್ತೆ ಕಾಲು ಜಾರಿ ಬಿದ್ದರು ಎಂದು ನೀವು ತಿಳಿದಿದ್ದೀರಿ. ಬಿಸಿ ಟೀ ಚೆಲ್ಲಿ ಅಂಗೈ ಸುಟ್ಟಿತು ಎಂದು ತಿಳಿದು, ದಿನಾ ಸಂಜೆ ಅವರ ಕೈಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು, ಉಫ್ ಉಫ್ ಎಂದು ಊದುತ್ತ ಮುಲಾಮು ಹಚ್ಚುತ್ತಿದ್ದೀರಿ. ಆ ಗುಳ್ಳೆ ಟೀಯಿಂದ ಬಂದದ್ದಲ್ಲ. ನಿಮ್ಮ ಸ್ಕೋಪಿನಿಂದ ಬಂದದ್ದು.

ಅವತ್ತು ನೀವು ವೆಲ್ಡಿಂಗ್ ಮೆಷಿನ್ನಿನ ಬೋರ್ಡಿಗೆ ಕರೆಂಟು ಕೊಟ್ಟು, ಕಪ್ಪು ಕ್ಲಿಪ್ಪನ್ನು ಎಂದಿನಂತೆ ಕಚ್ಚಿಸಿ, ಫೋನು ಬಂತೆಂದು ಬೀದಿಗೆ ಹೋದಿರಿ. ಆ ಕ್ಲಿಪ್ಪು ಒಳಗಿಂದ ಸ್ಕೋಪಿನ ಕಬ್ಬಿಣದ ಮೈಗೇ ಸೇರಿರುತ್ತದೆ ಎಂದು ನಿಮಗೆ ಹೇಳಿಕೊಡಬೇಕೇ? ಮೂರನೆಯ ಪಿನ್ನು ಇದ್ದಿದ್ದರೆ ಕಚ್ಚಿಸಿದ ಕ್ಷಣವೇ ಢಂ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಿಲ್ಲದ್ದರಿಂದ ಸ್ಕೋಪು ಇಡಿಯಾಗಿ ಮೈಯೆಲ್ಲ ಕರೆಂಟು ತುಂಬಿಕೊಂಡು, ಹಸಿರು ಗೆರೆ ತೋರಿಸುತ್ತ, ಸಾಧುವಿನ ಹಾಗೆ ಕೂತಿತ್ತು. ಅತ್ತೆ ಟೀ ತಂದರು. ಲೋಟ ಇಡಲು ಬೆಂಚಿನ ಮೇಲೆ ಜಾಗವಿರಲಿಲ್ಲ. ಅದನ್ನು ಪಕ್ಕದ ಸಿಂಕಿನ ಅಂಚಿಗಿಟ್ಟು, ಬಲಗೈಯಲ್ಲಿ ಸಿಂಕಿನ ಸ್ಟೀಲ್ ನಲ್ಲಿ ಹಿಡಿದು ಬಗ್ಗಿ ಎಡಗೈಯಲ್ಲಿ ಸ್ಕೋಪನ್ನು ಹಿಂದಕ್ಕೆ ತಳ್ಳಿದರು.

ಲೋಟ ಬಿದ್ದ ಸದ್ದು ಕೇಳಿ ನಾನು ಓಡಿಬಂದೆ. ಗೋಡೆಗೆ ಒರಗಿ ಕೂತಿದ್ದರು, ತುಟಿ ಬಿಳಚಿಕೊಂಡಿತ್ತು. ನೀವೂ ಬಂದಿರಿ. "ನೆಲ ಒದ್ದೆ ಮಾಡ್ಬೇಡ ಅಂತ ಎಷ್ಟ್ ಸಲ ಹೇಳಿದೀನಿ" ಎಂದು ಗದರುತ್ತಲೇ ಕೆಳಗೆ ಕೂತು ಅವರ ಪಾದ ಉಜ್ಜಿದಿರಿ. ಅವರು ಹೌದು ಹೌದು ಎಂದು ತಲೆಯಾಡಿಸಿದರು. ಅಡುಗೆಮನೆಗೆ ಬಂದ ಮೇಲೆ ನನ್ನ ಹತ್ತಿರ ಅಂದದ್ದು ಬೇರೆ. "ಕೈ ಅಂಟ್ಕೊಂಡ್ಬಿಡ್ತು ಕಣೆ. ಬಿಡಿಸ್ಕೊಳ್ಳಕ್ಕೇ ಆಗ್ಲಿಲ್ಲ. ಅವರನ್ನ ಕೂಗ್ಬೇಕು ಅಂದ್ರೆ ಬಾಯೇ ಬರ್ಲಿಲ್ಲ. ನೆಲ ಒದ್ದೆ ಇತ್ತು ನೋಡು, ಕಾಲು ಜಾರ್ತು, ಅದಕ್ಕೇ ಕೈ ಬಿಟ್ಟಿದ್ದು."

ಅರ್ಥವಾಯಿತೇ ಮಾವ? ಜಾರಿದ್ದರಿಂದ ಉಳಿದುಕೊಂಡರು. ಒಣನೆಲವಾಗಿದ್ದರೆ, ನೀವು ಫೋನು ಮುಗಿಸಿ ಒಳಗೆ ಬರುವಷ್ಟರಲ್ಲಿ... ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ.

ಬೆನ್ನು ನೋವೆಂದು ನೆಪ ಹೇಳಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು ನಾನೇ. ಎದೆಬಡಿತ ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲ ಎಂದರು. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದು ಬೇಡಿಕೊಂಡರು. "ಅವರಿಗೆ ಹೇಳ್ಬೇಡ. ಇಷ್ಟು ವಯಸ್ಸಾದ ಮೇಲೆ ತಪ್ಪು ಅಂದ್ರೆ ಮುಖ ಸಣ್ಣದಾಗತ್ತೆ ಅವರದು. ನೋಡಕ್ಕಾಗಲ್ಲ ನಂಗೆ." ನಿಮ್ಮ ಮುಖ ಸಣ್ಣದಾಗದಿರಲೆಂದು ಕೈ ಸುಟ್ಟ ನಿಜವನ್ನು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಾರೆ ನಿಮ್ಮ ಹೆಂಡತಿ. ನಾನು ಅಷ್ಟು ಒಳ್ಳೆಯವಳಲ್ಲ. ನಿಮ್ಮ ಮುಖ ಸಣ್ಣದಾಗುವುದಿದ್ದರೆ ಆಗಲಿ, ಅವರ ಉಸಿರು ಇರಲಿ.

ಇನ್ನು ಕೆಲಸದ ಮಾತು. "ಅರ್ತಿಂಗ್ ಇಟ್ಕೊಂಡು ಮೇನ್ಸ್ ಕಡೆ ನೋಡೋದು ಹೇಗೆ ಹೇಳು ನೋಡೋಣ" ಎಂದು ಸವಾಲು ಹಾಕುತ್ತೀರಿ. ಹೇಳುತ್ತೇನೆ, ಸ್ಟೂಲು ಎಳೆದುಕೊಂಡು ಕೂತುಕೊಳ್ಳಿ. ಇವತ್ತಿನಿಂದ ಈ ಬೆಂಚಿಗೆ ನೀವೂ ಹೊಸಬರೇ. ಹೊಸಬರಿಗೆ ಹೇಳುವ ಹಾಗೇ ಹೇಳುತ್ತೇನೆ, ಬೇಜಾರಾದರೆ ನೀರು ಕುಡಿದು ಮುಂದೆ ಓದಿ.

ತೆಗೆಯಬೇಕಾದದ್ದು ಸ್ಕೋಪಿನ ಅರ್ತಿಂಗನ್ನಲ್ಲ, ರಿಪೇರಿಗೆ ಬಂದ ಬೋರ್ಡನ್ನು ಮೇನ್ಸಿನಿಂದ ಬೇರೆ ಮಾಡಬೇಕು. ಯಾವುದೋ ಫ್ಯಾಕ್ಟರಿ ಮುಚ್ಚಿದಾಗ ನೀವು ಹೊತ್ತು ತಂದ ಆ ಭಾರದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲೆಂದು ನೀವು ಅಡ್ಡ ಇಟ್ಟಿರುವುದು, ಅದು ಇರುವುದೇ ಈ ಕೆಲಸಕ್ಕೆ! ಅದನ್ನು ಒರೆಸಿ ಬೆಂಚಿನ ಕೆಳಗೆ ಇಟ್ಟಿದ್ದೇನೆ, ಬಾಗಿಲಿಗೆ ಬೇರೆ ಕಲ್ಲು ನೋಡಿಕೊಳ್ಳಿ. ಬೋರ್ಡಿಗೆ ಅದರ ಮೂಲಕ ಕರೆಂಟು ಕೊಟ್ಟು, ಸ್ಕೋಪನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿದರೆ, ಕಪ್ಪು ಕ್ಲಿಪ್ಪು ಒಂದು ಜಾಗದಲ್ಲಿ ಕಚ್ಚಬಹುದು. ಒಂದೇ ಜಾಗ, ನೆನಪಿರಲಿ. ಎರಡು ಪ್ರೋಬಿನ ಎರಡು ಕ್ಲಿಪ್ಪೂ ಒಳಗೆ ಒಂದೇ ತಂತಿ, ಬೇರೆ ಬೇರೆ ಕಡೆ ಕಚ್ಚಿಸಿದರೆ ಮತ್ತೆ ಢಂ. ಟ್ರಾನ್ಸ್‌ಫಾರ್ಮರ್ ಇದೆ ಎಂದು ಮೈಮರೆಯುವ ಹಾಗೂ ಇಲ್ಲ. ಬೋರ್ಡಿನ ಎರಡು ಕಡೆ ಒಟ್ಟಿಗೆ ಮುಟ್ಟಿದರೆ ಆಗಲೂ ಹೊಡೆಯುತ್ತದೆ. ನಿಮ್ಮ ಬೆನ್ನ ಹಿಂದಿನ ಎಡಗೈ ಬೆನ್ನ ಹಿಂದೆಯೇ ಇರಲಿ.

ವೆಲ್ಡಿಂಗ್ ಮೆಷಿನ್ನಿಗೆ ಆ ಟ್ರಾನ್ಸ್‌ಫಾರ್ಮರ್ ಸಾಲದು ಅನ್ನುತ್ತೀರಿ. ಸಾಲದು, ಒಪ್ಪಿದೆ. ಆಗ ಕಪ್ಪು ಕ್ಲಿಪ್ಪುಗಳನ್ನು ಬೋರ್ಡಿನ ಹತ್ತಿರಕ್ಕೂ ತರಬೇಡಿ. ಎರಡು ಪ್ರೋಬಿನ ತುದಿಗಳನ್ನಷ್ಟೇ ನೋಡಬೇಕಾದ ಎರಡು ಜಾಗಕ್ಕೆ ತಾಗಿಸಿ, ಎರಡರ ಸ್ವಿಚ್ಚನ್ನೂ ವೋಲ್ಟೇಜು ಹತ್ತರಲ್ಲೊಂದು ಪಾಲಾಗುವ ಕಡೆಗೆ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ಪ್ರೋಬಿನ ಮೇಲೆ ಬರೆದ ವೋಲ್ಟೇಜು ಮಾತ್ರ ಮೀರಬಾರದು. ಕಳೆಯುವುದು ಹೇಗೆ ಅಂತ ಹುಬ್ಬೇರಿಸಬೇಡಿ. ನಿಮ್ಮ ಸ್ಕೋಪಿನಲ್ಲೇ ಎರಡನೆಯ ಗೆರೆಯನ್ನು ತಲೆಕೆಳಗು ಮಾಡುವ ಒಂದು ಗುಂಡಿ, ಎರಡನ್ನೂ ಕೂಡಿಸುವ ಇನ್ನೊಂದು ಗುಂಡಿ ಇವೆ. ನೀವು ಒಮ್ಮೆಯೂ ಒತ್ತದೆ ಅವುಗಳ ಸಂದಿನಲ್ಲಿ ಧೂಳು ಗಟ್ಟಿಯಾಗಿತ್ತು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದು ತೆಗೆದೆ. ಪ್ರೋಬುಗಳನ್ನು ಬೀರುವಿಗೆ ಸೇರಿಸುವ ಮೊದಲು ಆ ವೆಲ್ಡಿಂಗ್ ಬೋರ್ಡಿಗೆ ಹೀಗೇ ಹಾಕಿ ನೋಡಿದೆ. ತುದಿಗಳನ್ನು ಕರೆಂಟಿಲ್ಲದಾಗ ಸಿಕ್ಕಿಸಿ, ಕೈ ತೆಗೆದು, ಆಮೇಲೆ ಸ್ವಿಚ್ ಹಾಕಿದೆ. ಗೆರೆ ಎದ್ದು ನಿಂತಿತು. ಮೆಷಿನ್ನಿನ ತೊಂದರೆ ಏನೆಂದೂ ಕಂಡಿತು, ಆದರೆ ಅದನ್ನು ಹೇಳುವುದಿಲ್ಲ. ಪ್ರೋಬು ಕೇಳಲು ಬಂದಾಗ ಅದನ್ನೂ ಕೇಳಿ.

ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ನನ್ನ ಸ್ಕೋಪು ಹಿಡಿದುಕೊಂಡು ಬರುತ್ತೇನೆ. ಪೇಪರಿನ ಕಟ್ಟು ಕೆಳಗಿಳಿಸಿ ನನ್ನ ಸ್ಟೂಲಿನ ಮೇಲೆ ಕೂರುತ್ತೇನೆ. ಬೈಯಿರಿ, ಬೆನ್ನು ತಿರುಗಿಸಿ ಕೂತುಕೊಳ್ಳಿ, ಗಿರಾಕಿಗಳನ್ನು ಸೇರಿಸಿಕೊಂಡು ನಗಿ. ಅದಕ್ಕೆಲ್ಲ ನಾನು ಸೊಪ್ಪು ಹಾಕುವವಳಲ್ಲ. ಬೇರೆ ಅಂಗಡಿ ಹಾಕಿಕೊಳ್ಳೋಣ ಎಂದು ನಿಮ್ಮ ಮಗ ಪಿಸುಗುಟ್ಟಿದರು, ಅವರಿಗೂ ಚೆನ್ನಾಗಿ ಹೇಳಿ ಕಳಿಸಿದೆ. ನಾನು ಕಲಿತದ್ದು ಈ ಬೆಂಚಿನಲ್ಲಿ, ಈ ಬೆಂಚು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನೀವು ಹೊರಗೆ ಹಾಕಬೇಕೆಂದರೂ ಅಷ್ಟು ಸುಲಭಕ್ಕೆ ಹೋಗುವ ಪೈಕಿ ಅಲ್ಲ.

ಕೊನೆಯದಾಗಿ ಒಂದು ಮಾತು ಇದೆ. ಇದನ್ನು ಹೇಳಬೇಕೋ ಬೇಡವೋ ಎಂದು ತುಂಬಾ ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದೆ.

ನಾನು ಹೊಸ ಪ್ಲಗ್ಗನ್ನು ಬಿಚ್ಚಿಟ್ಟುಕೊಂಡು ಎರಡು ತಂತಿ ಸೇರಿಸಿ ಮುಗಿಸಿದ್ದೆ. ಪರದೆ ಸರಿಯಿತು. ಅತ್ತೆ. ಸಿಕ್ಕಿಹಾಕಿಕೊಂಡೆ, ಈಗ ಕೂಗಾಡುತ್ತಾರೆ ಅಂದುಕೊಂಡೆ. ಅವರು ಕೂಗಲಿಲ್ಲ. ಬಂದು ನಿಮ್ಮ ಕುರ್ಚಿಯ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಅವರು ಆ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಉಳಿದಿದ್ದ ತಂತಿ ತೋರಿಸಿ, "ಇದ್ಯಾವ್ದು?" ಅಂದರು.

"ಹಸಿರು ತಂತಿ ಅತ್ತೆ, ಅರ್ತಿಂಗು."

"ಅವತ್ತು ಇಲ್ದೆ ಇದ್ದಿದ್ದು ಇದೇನಾ?"

ಹೌದು ಅಂದೆ. ಅವರು ಬಟ್ಟೆ ಸುತ್ತಿದ ಕೈ ಚಾಚಿ, "ಸ್ಕ್ರೂಡ್ರೈವರ್ ಕೊಡು" ಅಂದರು. ನಾನು ಬೇಡ, ಕೈ ನೋಯುತ್ತದೆ ಅಂದೆ. ಕೇಳಲಿಲ್ಲ. ತಂತಿಯನ್ನು ನಾನು ಹಿಡಿದುಕೊಂಡೆ, ಸ್ಕ್ರೂ ಅವರು ತಿರುಗಿಸಿದರು. ನೋವಿಗೆ ತುಟಿ ಕಚ್ಚಿಕೊಂಡು, ನಿಲ್ಲಿಸಿ, ಮತ್ತೆ ತಿರುಗಿಸಿ, ನಾನು ಸಾಕು ಅಂದ ಮೇಲೂ ಇನ್ನೊಂದು ಸುತ್ತು ಬಿಗಿ ಮಾಡಿದರು. "ಈಗ ಬರೆದ್ಬಿಡು ಅವರಿಗೆ, ಎಲ್ಲಾನೂ" ಎಂದು ಹೇಳಿ ಎದ್ದು ಒಳಗೆ ಹೋದರು.

ಕಟರ್ ನಿಮ್ಮ ಡ್ರಾಯರಿನಲ್ಲೇ ಇದೆ ಮಾವ, ನಾನು ಬಚ್ಚಿಟ್ಟಿಲ್ಲ. ಮತ್ತೆ ಕತ್ತರಿಸಬೇಕು ಅನ್ನಿಸಿದರೆ ಕತ್ತರಿಸಿ. ಆದರೆ ಇವತ್ತು ಸಂಜೆ ಮುಲಾಮು ಹಚ್ಚಲು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೀರಲ್ಲ, ಆಗ ಕತ್ತರಿಸಿ. ಅವರ ಎದುರಿಗೇ ಕತ್ತರಿಸಿ.

ದೊಡ್ಡವರಿಗೆ ಬರೆಯುವಾಗ ಆಶೀರ್ವಾದ ಬೇಡಿ ಮುಗಿಸುವುದು ವಾಡಿಕೆ. ಈ ಸಲ ನಾನು ಬೇಡುವುದಿಲ್ಲ, ಕೊಡುತ್ತೇನೆ. ನೀವಿಬ್ಬರೂ ನೂರು ಕಾಲ ಬಾಳಿ, ಜೊತೆಯಲ್ಲೇ ಬಾಳಿ.

ಬೀರುವಿನ ಕೀಲಿ ಇಟ್ಟುಕೊಂಡು ಕಾಯುತ್ತಿರುವ,
ನಿಮ್ಮ ಸೊಸೆ